ತಾತನ ಯೆಜ್ಡಿ, ಕಂಪನಿಯಿಂದ ಬಂದ ಹಾಗೆ

ಗುಬ್ಬಿ ಸೀಮೆಯ ತೋಟದ ಮನೆ. ಕೊಟ್ಟಿಗೆಯ ಹಿಂದಿನ ಮೂಲೆಯಲ್ಲಿ ತೆಂಗಿನ ಮಟ್ಟೆಯ ರಾಶಿ, ಕೆಟ್ಟುಹೋದ ಪಂಪ್‌ಸೆಟ್ಟು, ಅವುಗಳ ನಡುವೆ ಗೋಣಿಚೀಲ ಹೊದ್ದು ನಿಂತ ಒಂದು ಬೈಕು. ಟೈರಿನ ಗಾಳಿ ಇಳಿದು ವರ್ಷಗಳೇ ಆಗಿವೆ. ಸೀಟಿನ ಸ್ಪಂಜಿನಲ್ಲಿ ಇಲಿ ಗೂಡು ಮಾಡಿದೆ. ಗೋಣಿ ಸರಿಸಿದರೆ ಮೊದಲು ಕಾಣುವುದು ಟ್ಯಾಂಕಿನ ಎರಡೂ ಪಕ್ಕದ ರಬ್ಬರು. ಮೊಣಕಾಲು ಒತ್ತಿ ಒತ್ತಿ ಸವೆದದ್ದು. ಆಮೇಲೆ ಕಣ್ಣಿಗೆ ಬೀಳುವುದು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಸೈಲೆನ್ಸರು.

ಗುಜರಿಯವನು ಬಂದಾಗಲೆಲ್ಲ ಅದೇ ಮಾತು. "ಆ ಗಾಡಿ ತೂಕಕ್ಕೆ ಹಾಕ್ಬಿಡಿ ಅಜ್ಜಿ, ಸುಮ್ನೆ ತುಕ್ಕು ಹಿಡೀತೈತೆ." ಅಜ್ಜಿಯದೂ ಅದೇ ಉತ್ತರ. "ಅದು ನಮ್ಮ ಯಜಮಾನ್ರ ಗಾಡಿ ಕಣಪ್ಪ, ಇರ್ಲಿ ಬಿಡು."

ಹಬ್ಬಕ್ಕೆ ಬಂದ ಮೊಮ್ಮಗ ಒಂದು ದಿನ ಗೋಣಿ ತೆಗೆದು, ದೂಳು ಒರೆಸಿ, ಟ್ಯಾಂಕಿನ ಮೇಲಿನ ಹೆಸರು ಓದುತ್ತಾನೆ. "ತಾತನ ಗಾಡೀನ ಕಂಪನಿಯಿಂದ ಬಂದಂಗೇ ಮಾಡಿಸ್ತೀನಿ ಅಜ್ಜಿ" ಎನ್ನುತ್ತಾನೆ.

ಆಡಲು ಒಂದು ಉಸಿರಿನ ಮಾತು. ಮಾಡಲು ಒಂದೆರಡು ವರ್ಷದ ಕೆಲಸ. ಕಂಪನಿಯಿಂದ ಬಂದ ಹಾಗೆ ಎಂದರೆ ಹೇಗೆ? ಥಳಥಳ ಹೊಳೆಯಬೇಕೆ, ಅಥವಾ ಮೊದಲ ದಿನ ಹೇಗಿತ್ತೋ ಹಾಗಿರಬೇಕೆ? ಇವೆರಡೂ ಒಂದೇ ಎಂದುಕೊಂಡವರು ಎಷ್ಟೋ ಒಳ್ಳೆಯ ಗಾಡಿಗಳನ್ನು ಪ್ರೀತಿಯಿಂದಲೇ ಕೆಡಿಸಿದ್ದಾರೆ.

ಮಸಲ್ ಕಾರು ಕಲಿಸಿದ್ದು

ಹಳೆಯ ವಾಹನವನ್ನು ಕಾರ್ಖಾನೆಯ ಸ್ಥಿತಿಗೆ ತರುವ ಹುಚ್ಚು ಅತಿ ಎತ್ತರಕ್ಕೆ ಹೋದದ್ದು ಅಮೆರಿಕದ ಮಸಲ್ ಕಾರುಗಳಲ್ಲಿ. ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ, ಹುಡುಗರ ಕೈಗೆಟಕುವ ಬೆಲೆಗೆ ಮಾರಿದ ಕಾರುಗಳು ಅವು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಆ ಪರಂಪರೆಯ ಮೊದಲಿಗ ಎಂದು ಬಹುಮಂದಿ ಒಪ್ಪುತ್ತಾರೆ. ಆಗ ರಸ್ತೆಯಲ್ಲಿ ಸುಟ್ಟು ಬಿಸಾಡಿದ ಆ ಕಾರುಗಳು ಈಗ ಹರಾಜಿನಲ್ಲಿ ದೊಡ್ಡ ಬೆಲೆ ತರುತ್ತವೆ.

ಆ ಬೆಲೆ ನಿಂತಿರುವುದು ಹೊಳಪಿನ ಮೇಲಲ್ಲ, ಸಂಖ್ಯೆಗಳ ಮೇಲೆ. ಚಾಸಿಯ ಸಂಖ್ಯೆಗೂ ಎಂಜಿನ್ನಿನ ಸಂಖ್ಯೆಗೂ ಹೊಂದಾಣಿಕೆ ಇದೆಯೇ, ಗೇರ್‌ಬಾಕ್ಸು ಅದೇ ಕಾರಿನದೇ, ಭಾಗಗಳ ಮೇಲೆ ಅಚ್ಚಾದ ತಾರೀಖು ಕಾರು ತಯಾರಾದ ದಿನಕ್ಕಿಂತ ಹಿಂದಿನದೇ ಎಂದು ತೀರ್ಪುಗಾರರು ಟಾರ್ಚು ಹಿಡಿದು ನೋಡುತ್ತಾರೆ. ಕಾರ್ಖಾನೆಯ ತಪಾಸಣೆಗಾರ ಅಂದು ಸೀಮೆಸುಣ್ಣದಿಂದ ಹಾಕಿದ ಗುರುತನ್ನೂ ಅದೇ ಜಾಗದಲ್ಲಿ ಮತ್ತೆ ಬರೆಯುವವರಿದ್ದಾರೆ.

ನಮ್ಮ ದೇಶದಲ್ಲಿ ಮಸಲ್ ಕಾರು ಎಂದೊಡನೆ ಜನ ನೆನೆಯುವುದು ಕಾಂಟೆಸ್ಸಾವನ್ನು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ತಂದ ಉದ್ದ ಮೂತಿಯ ಕಾರು ಅದು. ಮೊದಲು ಅಂಬಾಸಿಡರಿನ 1.5 ಲೀಟರ್ ಎಂಜಿನ್ನಿನಿಂದಲೇ ಏದುಸಿರು ಬಿಡುತ್ತಿತ್ತು. ಆಮೇಲೆ ಜಪಾನಿನ ಇಸುಜು ಎಂಜಿನ್ ಬಂದಾಗ ಅದರ ಮೈಕಟ್ಟಿಗೆ ತಕ್ಕ ಕಸುವು ಸಿಕ್ಕಿತು. 2002ರ ಹೊತ್ತಿಗೆ ಅದರ ತಯಾರಿಕೆ ನಿಂತಿತು.

ಆದರೆ ನಮ್ಮ ಊರುಗಳ ಕೊಟ್ಟಿಗೆಯಲ್ಲಿ, ಜಗಲಿಯಲ್ಲಿ, ಹುಲ್ಲಿನ ಮೆದೆಯ ಮರೆಯಲ್ಲಿ ನಿಂತಿರುವುದು ಕಾಂಟೆಸ್ಸಾ ಅಲ್ಲ. ಕರ್ನಾಟಕದಲ್ಲೇ ಹುಟ್ಟಿ, ಕರ್ನಾಟಕದ ಕೈಗಳೇ ಜೋಡಿಸಿದ ಗಾಡಿ ಅದು: ಜಾವಾ, ಮತ್ತು ಅದರ ಮುಂದಿನ ಅವತಾರ ಯೆಜ್ಡಿ.

ಮೈಸೂರಲ್ಲಿ ಹುಟ್ಟಿದ ಗಾಡಿ

ಜಾವಾ ಮೂಲತಃ ಜೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕನ್ನು ತಯಾರಿಸುವ ಹಕ್ಕು ಪಡೆದ. ಎರಡು ಹೆಸರಿನ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು.

ಅದನ್ನು ಮೈಸೂರಿಗೆ ತಂದವರು ಪಾರ್ಸಿ ಉದ್ಯಮಿಗಳಾದ ಇರಾನಿಯವರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಮರುವರ್ಷ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಯಾದವಗಿರಿಯ ಆ ಕಾರ್ಖಾನೆಯಿಂದ ಹೊರಟ ಬೈಕುಗಳು ದೇಶವನ್ನೆಲ್ಲ ಸುತ್ತಿ, ಹೊರದೇಶಕ್ಕೂ ಹೋದವು.

ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿನಲ್ಲಿ 'ಯೆಜ್ಡಿ' ಬಂತು. ಕ್ಲಾಸಿಕ್, ಡೀಲಕ್ಸ್, ರೋಡ್‌ಕಿಂಗ್ ಎಂದು ಒಂದೊಂದಾಗಿ ಮಾದರಿಗಳು ಬಂದವು. ಕೆಟ್ಟ ರಸ್ತೆ, ಭಾರದ ಮೂಟೆ, ಅರೆಬರೆ ರಿಪೇರಿ ಎಲ್ಲಕ್ಕೂ ಜಗ್ಗದ ಗಾಡಿ ಎಂದು ಹಳ್ಳಿ ಕಡೆ ಹೆಸರಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರು, ಅಡಿಕೆ–ಕೊಬ್ಬರಿ ವ್ಯಾಪಾರದವರು, ದೂರದ ಶಾಲೆಗೆ ಹೋಗುವ ಮೇಷ್ಟ್ರು ಎಲ್ಲರಿಗೂ ಅದು ಒಗ್ಗಿತು.

1984–85ರ ಸುಮಾರಿಗೆ ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿಸಿ ಬೈಕುಗಳು ಬಂದವು. ಹಗುರ, ಸಲೀಸು, ಹೆಚ್ಚು ಮೈಲೇಜು. ಇತ್ತ ಮೈಸೂರಿನ ಕಾರ್ಖಾನೆಯೊಳಗೆ ಕಾರ್ಮಿಕ ಸಮಸ್ಯೆ, ಹಣದ ಮುಗ್ಗಟ್ಟು. ಅತ್ತ ಹೊಗೆಯ ನಿಯಮ ಬಿಗಿಯಾಗುತ್ತ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯ ಮೂಲಕ ಮರಳಿ ಬಂದವು. ಹೆಸರು ಅದೇ, ಎಂಜಿನ್ ಪೂರಾ ಬೇರೆ. ಹೊಸದರ ಬಿಡಿಭಾಗ ಹಳೆಯದಕ್ಕೆ ಆಗುವುದಿಲ್ಲ.

ಒಂದೇ ಸಿಲಿಂಡರು, ಎರಡು ಸೈಲೆನ್ಸರು

ಸರಿಪಡಿಸಲು ಹೊರಟವರು ಮೊದಲು ಈ ಗಾಡಿಯ ಗುಣ ಅರಿಯಬೇಕು. ಇದು ಟೂ ಸ್ಟ್ರೋಕ್. ಇಂದಿನ ಬೈಕುಗಳಲ್ಲಿ ಪಿಸ್ಟನ್ ಎರಡು ಸಲ ಏರಿ ಎರಡು ಸಲ ಇಳಿದರೆ ಒಂದು ಸಿಡಿತ. ಇದರಲ್ಲಿ ಏರಿ ಇಳಿದ ಪ್ರತಿ ಸಲವೂ ಸಿಡಿತ. ಒಳಗೆ ವಾಲ್ವ್ ಇಲ್ಲ; ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಹೊಗೆ ಹೊರಬೀಳಲು ಎರಡು ಕಿಂಡಿ. ಆದ್ದರಿಂದಲೇ ಸಿಲಿಂಡರು ಒಂದಾದರೂ ಸೈಲೆನ್ಸರು ಎರಡು.

250 ಸಿಸಿ ಜಾವಾದ ಸಿಲಿಂಡರು 65 ಮಿಲಿಮೀಟರ್ ಅಗಲ. ಪಿಸ್ಟನ್ 75 ಮಿಲಿಮೀಟರ್ ಓಡುತ್ತದೆ. ಅಗಲಕ್ಕಿಂತ ಓಟ ಹೆಚ್ಚಾದ್ದರಿಂದ ನಿಧಾನದಲ್ಲೂ ಎಳೆತ ಜೋರು. ಮೂಟೆ ಹೇರಿದರೂ ಏರು ಹತ್ತುತ್ತಿದ್ದ ಗುಟ್ಟು ಇದು.

ಇನ್ನೊಂದು ವಿಶೇಷ ಎಡಗಾಲಿನ ಬಳಿ ಇದೆ. ಗೇರ್ ಹಾಕುವ ಕಡ್ಡಿಯೇ ಕಿಕ್ಕರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಹೊಡೆಯಬಹುದು, ಗಾಡಿ ಎದ್ದ ಮೇಲೆ ಕೆಳಗಿಳಿಸಿದರೆ ಮತ್ತೆ ಗೇರ್ ಕಡ್ಡಿ. ಆ ಕಡ್ಡಿ ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಇದೆ. ಇದರ ಒಳಗಿನ ಹಲ್ಲುಗಳು ಸವೆದರೆ ಕಡ್ಡಿ ಜಾರುತ್ತದೆ. ಆಗ ಯಾರೋ ಬೇರೆ ಗಾಡಿಯ ಕಡ್ಡಿ ಬೆಸುಗೆ ಹಾಕಿರುತ್ತಾರೆ. ಇಂಥ ಹಳೆಯ ತೇಪೆಗಳನ್ನು ಒಂದೊಂದಾಗಿ ಗುರುತಿಸಿ ಬಿಚ್ಚುವುದೇ ಕೆಲಸದ ಅರ್ಧ.

ಸ್ಪ್ಯಾನರ್ ಹಿಡಿಯುವ ಮುಂಚೆ

ಉತ್ಸಾಹದಲ್ಲಿ ಒಂದೇ ಭಾನುವಾರ ಇಡೀ ಗಾಡಿ ಬಿಚ್ಚಿ ಹಾಕಿ, ನಟ್ಟುಬೋಲ್ಟನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದವರ ಗಾಡಿ ಡಬ್ಬದಲ್ಲೇ ಉಳಿಯುತ್ತದೆ. ಮೊದಲು ಫೋಟೊ. ವೈರು ಯಾವ ಕಡೆಯಿಂದ ಹಾದಿದೆ, ವಾಷರ್ ಎಷ್ಟಿವೆ, ಕೇಬಲ್ಲು ಯಾವುದರ ಮೇಲೆ ಯಾವುದು ಎಂದು ಎಲ್ಲ ಬದಿಯಿಂದ ಫೋಟೊ ತೆಗೆದಿಡಬೇಕು. ಪ್ರತಿ ಭಾಗದ ನಟ್ಟುಗಳಿಗೆ ಬೇರೆ ಚೀಲ, ಅದರ ಮೇಲೆ ಹೆಸರು.

ಆಮೇಲೆ ಸಂಖ್ಯೆ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಬೇಕು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ತುಕ್ಕು ತೆಗೆಯಲು ಮರಳು ಹೊಡೆಸಿದಾಗ, ದಪ್ಪನೆಯ ಪೌಡರ್ ಕೋಟಿಂಗ್ ಮಾಡಿಸಿದಾಗ ಆ ಅಂಕಿಗಳು ಮಸುಕಾಗುವ ಅಪಾಯವಿದೆ.

ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಅದು. ಅಲ್ಲಿನ ಫಾರಂನಲ್ಲಿ ಹುಟ್ಟುವ ರೇಸ್ ಕುದುರೆಯ ತಂದೆ ಯಾರು, ತಾಯಿ ಯಾರು ಎಂಬುದು ದಾಖಲೆಯಲ್ಲಿ ಇಲ್ಲದಿದ್ದರೆ, ಅದು ಎಷ್ಟು ಚೆಂದ ಓಡಿದರೂ ರೇಸಿನ ಕುದುರೆ ಎನಿಸಿಕೊಳ್ಳದು. ಹಳೆಯ ಗಾಡಿಗೂ ಅಷ್ಟೆ. ಅದರ ವಂಶಾವಳಿ ಇರುವುದು ಆ ಎರಡು ಸಂಖ್ಯೆಗಳಲ್ಲಿ.

ಮೂರನೆಯದು ಬಣ್ಣದ ಹುಡುಕಾಟ. ನಲವತ್ತು ವರ್ಷದ ಗಾಡಿಗೆ ಮೂರು ನಾಲ್ಕು ಸಲ ಬಣ್ಣ ಹೊಡೆದಿರುತ್ತಾರೆ. ಬಿಸಿಲು ಕಾಣದ ಒಂದು ಜಾಗ ಹುಡುಕಬೇಕು. ಟೂಲ್ ಬಾಕ್ಸಿನ ಒಳಮೈ, ಟ್ಯಾಂಕಿನ ಅಡಿ, ರಬ್ಬರಿನ ಹಿಂಬದಿ ಅಂಥವು. ಅಲ್ಲಿ ಬೆರಳಗಲದಷ್ಟು ಜಾಗಕ್ಕೆ ನೀರು ಚಿಮುಕಿಸಿ ನುಣುಪಾದ ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜಿದರೆ ಪದರಗಳು ಒಂದೊಂದಾಗಿ ಏಳುತ್ತವೆ. ಮೇಲೆ ಮೊನ್ನೆ ಮೊನ್ನೆಯ ಕಪ್ಪು. ಕೆಳಗೆ ಯಾರದೋ ಮದುವೆಗೆಂದು ಹೊಡೆಸಿದ ನೀಲಿ. ಅದರ ಕೆಳಗೆ ಬೂದು ಪ್ರೈಮರ್. ಇನ್ನೂ ನಾಲ್ಕು ಸಲ ಉಜ್ಜಿದಾಗ ಅಕ್ಕಿಕಾಳಿನಷ್ಟು ಜಾಗದಲ್ಲಿ ಕಡುಗೆಂಪು ಇಣುಕುತ್ತದೆ. ಕಾರ್ಖಾನೆ ಬಿಟ್ಟ ದಿನದ ಬಣ್ಣ ಅದು. ಅಲ್ಲಿಗೆ ಕೈ ನಿಲ್ಲಿಸಬೇಕು. ಬಣ್ಣದಂಗಡಿಯವನಿಗೆ ತೋರಿಸಬೇಕಾದ್ದು ಆ ಚುಕ್ಕೆಯನ್ನೇ.

ಲೇತ್ ಅಂಗಡಿಯ ತಪಸ್ಸು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಏಕಾಏಕಿ ಕಿಕ್ ಹೊಡೆಯಬಾರದು. ಪಿಸ್ಟನ್ ರಿಂಗು ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಸಿ, ನಿಧಾನಕ್ಕೆ ಅಲುಗಿಸಿ ಬಿಡಿಸಬೇಕು.

ಬಿಚ್ಚಿದ ಮೇಲೆ ಕೆಲಸ ಲೇತ್ ಅಂಗಡಿಗೆ ಹೋಗುತ್ತದೆ. ಸವೆದ ಸಿಲಿಂಡರನ್ನು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಬೋರ್ ಮಾಡಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕುತ್ತಾರೆ. ಎಷ್ಟು ಕಡಿಮೆ ಕೊರೆದರೆ ಅಷ್ಟು ಒಳ್ಳೆಯದು. ಕೊರೆದ ಲೋಹ ಮತ್ತೆ ಬಾರದು. ಬೋರ್ ಆದಮೇಲೆ ಕಿಂಡಿಗಳ ಅಂಚನ್ನು ನಯ ಮಾಡಲೇಬೇಕು. ಇಲ್ಲದಿದ್ದರೆ ರಿಂಗು ಆ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಫೋರ್ ಸ್ಟ್ರೋಕ್ ಕೆಲಸ ಮಾತ್ರ ಬಲ್ಲವರು ಇದನ್ನು ಮರೆಯುವುದುಂಟು.

ಇನ್ನೂ ಸೂಕ್ಷ್ಮವಾದದ್ದು ಕ್ರ್ಯಾಂಕು. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ರಾಡು ಕೂರಿಸಿ, ಎರಡೂ ಬದಿ ಒಂದೇ ಗೆರೆಯಲ್ಲಿ ಸುತ್ತುವ ಹಾಗೆ ತಟ್ಟಿ ತಟ್ಟಿ ಸರಿ ಮಾಡಬೇಕು. ಒಂದು ಕೂದಲಿನಷ್ಟು ಓರೆಯಾದರೂ ಗಾಡಿ ಕೈ ಜೋಮು ಹಿಡಿಸುವಷ್ಟು ಅದುರುತ್ತದೆ.

ಮೂರನೆಯದು ಗಾಳಿಯ ಲೆಕ್ಕ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕಿನ ಗೂಡಿಗೆ ಬಂದು, ಅಲ್ಲಿಂದ ಮೇಲಕ್ಕೆ ಏರುತ್ತದೆ. ಆ ಗೂಡು ಎಲ್ಲೂ ಗಾಳಿ ಬಿಡದಂತಿರಬೇಕು. ಹಳೆಯ ಆಯಿಲ್ ಸೀಲಿನ ರಬ್ಬರು ಗಟ್ಟಿಯಾಗಿ ಸೀಳಿರುತ್ತದೆ. ಹೊರಗಾಳಿ ಒಳಸೇರಿದರೆ ಮಿಶ್ರಣ ತೆಳುವಾಗಿ, ಎಂಜಿನ್ ಅತಿಯಾಗಿ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅನುಭವಸ್ಥ ಮೆಕ್ಯಾನಿಕ್ಕು ಎಂಜಿನ್ ಜೋಡಿಸಿದ ಮೇಲೆ ಕಿಂಡಿಗಳನ್ನೆಲ್ಲ ಮುಚ್ಚಿ, ಒಂದರಲ್ಲಿ ಮೆಲ್ಲಗೆ ಪಂಪು ಹೊಡೆದು, ಕೂಡಿದ ಜಾಗಕ್ಕೆಲ್ಲ ಸೋಪಿನ ನೀರು ಬಳಿಯುತ್ತಾನೆ. ಗುಳ್ಳೆ ಎದ್ದ ಕಡೆ ಮತ್ತೆ ಬಿಚ್ಚುತ್ತಾನೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ವಿದ್ಯೆಯೇ ಇಲ್ಲಿ ಎಂಜಿನ್ನನ್ನು ಕಾಯುತ್ತದೆ.

ಗಾಡಿ ಎದ್ದ ಮೇಲೂ ಅವಸರವಿಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನ ಓಡಿಸಿ, ನಡುನಡುವೆ ತಣಿಸಬೇಕು.

ಬಣ್ಣ, ಕ್ರೋಮು, ಒಂದು ಗೆರೆ

ಜನರ ಕಣ್ಣಿಗೆ ಬೀಳುವುದು ಈ ಹಂತ. ಹೆಚ್ಚು ತಪ್ಪಾಗುವುದೂ ಇಲ್ಲೇ.

ಹಳೆಯ ಬೈಕಿನ ಬಣ್ಣಕ್ಕೆ ಇಂದಿನ ಕಾರುಗಳ ಕನ್ನಡಿಯಂಥ ಹೊಳಪು ಇರಲಿಲ್ಲ. ಮೇಲೆ ದಪ್ಪನೆಯ ಪಾರದರ್ಶಕ ಪದರ ಬಳಿದು ಮಿಂಚಿಸಿದರೆ ಚೆಂದ ಕಾಣಬಹುದು, ಆದರೆ ಅದು ಕಂಪನಿಯಿಂದ ಬಂದ ಹಾಗಲ್ಲ. ಕಾರ್ಖಾನೆ ಕಪ್ಪು ಬಳಿದ ಕಡೆ ಕ್ರೋಮು ಹಾಕಿಸುವುದು, ಅಲ್ಯುಮಿನಿಯಂ ಭಾಗಗಳನ್ನೆಲ್ಲ ಬಫ್ ಮಾಡಿ ಬೆಳ್ಳಿಯಾಗಿಸುವುದು ಇದೇ ಜಾತಿಯ ತಪ್ಪುಗಳು.

ಕ್ರೋಮ್ ಲೇಪನದ ಒಳಗುಟ್ಟು ಬೇರೆ. ಹೊಳೆಯುವುದು ಕ್ರೋಮು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಬಹಳ ತೆಳುವಾದ ಮೇಲುಹೊದಿಕೆ. ಅದರ ಕೆಳಗೆ ನಿಕ್ಕಲ್, ಒಳ್ಳೆಯ ಕೆಲಸದಲ್ಲಿ ಅದರ ಕೆಳಗೆ ತಾಮ್ರ. ಎಲ್ಲಕ್ಕಿಂತ ಕೆಳಗಿನ ಉಕ್ಕನ್ನು ಎಷ್ಟು ನುಣುಪು ಮಾಡಿದ್ದಾರೆ ಎಂಬುದರ ಮೇಲೆ ಹೊಳಪು ನಿಂತಿದೆ. ತುಕ್ಕಿನ ಗುಳಿಗಳನ್ನು ಹಾಗೇ ಬಿಟ್ಟು ಮೇಲೆ ಕ್ರೋಮು ಏರಿಸಿದರೆ ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ.

ಕೊನೆಗೆ ಉಳಿಯುವುದು ಟ್ಯಾಂಕಿನ ಮೇಲಿನ ಸಣ್ಣ ಗೆರೆ. ಈಗ ಸ್ಟಿಕ್ಕರ್ ಸಿಗುತ್ತದೆ. ಆದರೆ ಅಂದು ಅದನ್ನು ಕೈಯಲ್ಲಿ ಎಳೆಯುತ್ತಿದ್ದರು. ಲೈನಿಂಗ್ ಮಾಡುವವನ ಕುಂಚದ ಕೂದಲು ಮೆತ್ತಗೆ, ಉದ್ದ. ಅದನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಚೂರಿನ ಮೇಲೆ ಸವರಿ ಹದ ಮಾಡಿಕೊಳ್ಳುತ್ತಾನೆ. ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸುತ್ತಾನೆ. ಉಸಿರು ಹಿಡಿದು ಒಂದೇ ಎಳೆತಕ್ಕೆ ತಿರುವು ಮುಗಿಸುತ್ತಾನೆ. ಗೆರೆ ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ತೆಳು. ಕೈಯ ಗುರುತು ಅದು. ಗುಬ್ಬಿ ಕಂಪನಿಯ ನಾಟಕದ ಪರದೆಗಳನ್ನು ಇಂದಿಗೂ ನೆನೆಯುವ ಈ ಸೀಮೆಗೆ ಕುಂಚದ ಬೆಲೆ ತಿಳಿದಿದೆ. ಅಂಗಡಿ ಬೋರ್ಡು, ಲಾರಿಯ ಹಣೆ ಬರೆಯುವ ಕೆಲಸವನ್ನು ಫ್ಲೆಕ್ಸು ನುಂಗಿದ ಮೇಲೆ ಇಂಥ ಗೆರೆ ಎಳೆಯುವ ಕೈಗಳು ಕಡಿಮೆಯಾಗಿವೆ.

ಅಸಲಿ, ಹಳೆ ಸ್ಟಾಕು, ನಕಲು

ಬಿಡಿಭಾಗಗಳಲ್ಲಿ ಮೂರು ಬಗೆ. ಗಾಡಿಯ ಜೊತೆಗೇ ಬಂದದ್ದು ಒಂದು. ಆ ಕಾಲದಲ್ಲೇ ತಯಾರಾಗಿ ಯಾವುದೋ ಅಂಗಡಿಯ ಅಟ್ಟದಲ್ಲಿ ಉಳಿದ ಹಳೆ ಸ್ಟಾಕು ಇನ್ನೊಂದು. ಇತ್ತೀಚೆಗೆ ನೋಡಿ ಮಾಡಿದ ನಕಲು ಮೂರನೆಯದು. ತುಮಕೂರಿನಿಂದ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಓಣಿ ಸುತ್ತಿದವರಿಗೆ ಇವುಗಳ ವ್ಯತ್ಯಾಸ ಕೈಯ ತೂಕದಲ್ಲೇ ತಿಳಿಯುತ್ತದೆ. ಜೆಕ್ ದೇಶದಲ್ಲಿ ಹಳೆಯ ಜಾವಾ ಭಾಗಗಳನ್ನು ಇಂದಿಗೂ ತಯಾರಿಸುತ್ತಾರೆ. ಅವುಗಳಲ್ಲಿ ಹಲವು ನಮ್ಮ ಹಳೆಯ ಜಾವಾಗಳಿಗೂ ಕೂರುತ್ತವೆ.

ತುಮಕೂರಿಗೆ ಈ ವಿಷಯದಲ್ಲಿ ತನ್ನದೇ ಪಾಠವಿದೆ. 1978ರಲ್ಲಿ ಇಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. ಅದು ಮುಚ್ಚಿ, ಜಾಗ ಇಸ್ರೊ ಕೈಗೆ ಹೋಗಿದೆ. ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಎಚ್‌ಎಂಟಿಗೆ ಬೇಡಿಕೆ ಏರಿತು. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವ ದಂಧೆಯೂ ಬೆಳೆಯಿತು. ಬಲ್ಲವರು ಅಂಥ ಥಳಕಿನ ವಾಚನ್ನು ಬದಿಗಿಟ್ಟು, ಅಂಚು ಹಳದಿಯಾದ ಮೂಲ ಡಯಲಿನದನ್ನೇ ಆರಿಸುತ್ತಾರೆ.

ಬೈಕಿನಲ್ಲೂ ಸವೆದ ಮೂಲ ಭಾಗಕ್ಕೆ ಹೊಸ ನಕಲಿಗಿಂತ ಹೆಚ್ಚು ಮರ್ಯಾದೆ. ರಿಪೇರಿ ಆಗುವುದನ್ನು ಬದಲಿಸಬಾರದು. ಬದಲಿಸಲೇಬೇಕಾದಾಗ ಹಳೆಯದನ್ನು ಎಸೆಯದೆ ಡಬ್ಬದಲ್ಲಿಡಬೇಕು. ಬ್ರೇಕಿನ ಲೈನರು, ಟೈರು, ಕೇಬಲ್ಲು, ವೈರು ಮಾತ್ರ ಈ ಮಾತಿಗೆ ಹೊರಗು. ಜೀವ ಕಾಯುವ ಭಾಗ ಹೊಸದೇ ಇರಬೇಕು.

ಎಲ್ಲಿ ಕೈ ನಿಲ್ಲಿಸಬೇಕು?

ಹಳೆಯ ವಾಹನಗಳ ಜಾಗತಿಕ ಒಕ್ಕೂಟ ಫಿವಾ ಒಪ್ಪಿಕೊಂಡಿರುವ ಟುರಿನ್ ಸನ್ನದು ಒಂದು ಸರಳ ವಿಂಗಡಣೆ ಮಾಡುತ್ತದೆ. ಇದ್ದದ್ದನ್ನು ಕೆಡದಂತೆ ಕಾಯುವುದು ಒಂದು, ಕಳೆದುಹೋದದ್ದನ್ನು ಮತ್ತೆ ತರುವುದು ಇನ್ನೊಂದು. ಮೊದಲನೆಯದು ಸಾಧ್ಯವಿರುವಾಗ ಎರಡನೆಯದಕ್ಕೆ ಕೈಹಾಕಬೇಡಿ ಎಂಬುದು ಅದರ ತಿರುಳು. ಏನು ಬದಲಿಸಿದಿರಿ ಎಂಬುದನ್ನು ಬರೆದಿಡಿ ಎಂದೂ ಹೇಳುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ವಿಮಾನದ ಕೆಲಸದಲ್ಲಿ ಯಾವ ಮುಖ್ಯ ಭಾಗ ಯಾವಾಗ ಬಂತು, ಎಷ್ಟು ತಾಸು ಓಡಿತು, ಯಾರು ಬದಲಿಸಿದರು ಎಂಬುದಕ್ಕೆಲ್ಲ ದಾಖಲೆ ಇರಲೇಬೇಕು. ಆ ಶಿಸ್ತಿನ ಒಂದು ಪಾಲನ್ನು ತಾತನ ಗಾಡಿಗೂ ಕೊಡಬಹುದು. ನೂರು ಪುಟದ ನೋಟ್‌ಬುಕ್ ಸಾಕು.

ಬಣ್ಣ ಮಾಸಿದರೂ ಅದು ಮೊದಲ ಬಣ್ಣವೇ ಆಗಿದ್ದರೆ, ಟ್ಯಾಂಕಿನ ತಗ್ಗು ತಾತ ಬಿದ್ದ ದಿನದ್ದೇ ಆಗಿದ್ದರೆ, ಮೇಣ ಉಜ್ಜಿ ಹಾಗೇ ಉಳಿಸಿಕೊಳ್ಳುವುದು ಮೇಲು. ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಕಾರ್ಖಾನೆ ಬಳಿದದ್ದು ಒಂದೇ ಸಲ.

ಕಾಗದ ಸರಿಯಿದ್ದರೆ ಗಾಡಿ ಸರಿ

ಎಷ್ಟೋ ಕೆಲಸ ಕಡೆಗೆ ನಿಲ್ಲುವುದು ಆರ್‌ಟಿಒ ಬಾಗಿಲಲ್ಲಿ. ಹಾಗಾಗಿ ದುಡ್ಡು ಸುರಿಯುವ ಮುಂಚೆಯೇ ಕಾಗದ ನೋಡಬೇಕು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಅರ್ಹತೆ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಫಾರಂ 25. ಆರ್‌ಸಿ ಕಳೆದಿದ್ದರೆ ನಕಲು ಪಡೆಯಲು ಫಾರಂ 26. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬಾಕಿ ಉಳಿಯುವುದು ಈ ಕೊನೆಯದೇ. ತಾತನ ಹೆಸರಿನ ಆರ್‌ಸಿ ಟ್ರಂಕಿನ ತಳದಲ್ಲಿ ಎಲ್ಐಸಿ ಬಾಂಡಿನ ಜೊತೆ ಮಲಗಿರುತ್ತದೆ. ಅದನ್ನು ಹುಡುಕಿ ತೆಗೆಯುವುದು ಇಡೀ ಕೆಲಸದ ಮೊದಲ ಹೆಜ್ಜೆ.

ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಬೈಕು, ಕಾರುಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿತು. ಮೂಲ ರೂಪ ಉಳಿದಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನಿನಲ್ಲಿ ಭಾರಿ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಆ ನೋಂದಣಿ 10 ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆ.

ಅಂದರೆ 'ಕಂಪನಿಯಿಂದ ಬಂದ ಹಾಗೆ' ಎಂಬುದು ಈಗ ಬರೀ ಆಸೆಯಲ್ಲ, ವಿಂಟೇಜ್ ನೋಂದಣಿಗೆ ಕಾನೂನೂ ಹೆಚ್ಚುಕಡಿಮೆ ಅದನ್ನೇ ಕೇಳುತ್ತದೆ.

ಹೊಗೆ, ಪೆಟ್ರೋಲು, ಹೊಣೆ

ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ, ಸುಡದ ಪೆಟ್ರೋಲನ್ನೂ ಸ್ವಲ್ಪ ಹೊರಹಾಕುತ್ತದೆ. ಹೊಗೆಯ ಮಾತನ್ನು ಪ್ರೀತಿಯ ನೆಪದಲ್ಲಿ ಮರೆಮಾಚಬಾರದು. ಈ ಗಾಡಿ ಇರುವುದು ಭಾನುವಾರದ ಸವಾರಿಗೆ, ದಿನನಿತ್ಯದ ಆಫೀಸಿಗಲ್ಲ. ಒಳ್ಳೆಯ 2ಟಿ ಎಣ್ಣೆಯನ್ನು ಲೀಟರಿಗೆ ಇಷ್ಟೇ ಎಂದು ಅಳೆದು ಬೆರೆಸಿ, ಸೈಲೆನ್ಸರಿನ ಕರಿ ಕಾಲಕಾಲಕ್ಕೆ ತೆಗೆಸಿದರೆ ಹೊಗೆ ಬಹಳ ಇಳಿಯುತ್ತದೆ.

ಇನ್ನೊಂದು ಹೊಸ ಎಚ್ಚರಿಕೆ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಪೆಟ್ರೋಲ್ ಪೈಪು, ಕಾರ್ಬೊರೇಟರಿನ ರಬ್ಬರುಗಳನ್ನು ಹೊಸ ಬಗೆಯವಕ್ಕೆ ಬದಲಿಸಿ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಮತ್ತು ಕಾರ್ಬೊರೇಟರ್ ಖಾಲಿ ಮಾಡಬೇಕು. ಕಣ್ಣಿಗೆ ಕಾಣದ ಈ ಬದಲಾವಣೆಯಿಂದ ಗಾಡಿಯ ಮೂಲರೂಪಕ್ಕೆ ಕುಂದಿಲ್ಲ.

ಕೈಯಲ್ಲಿರುವ ವಿದ್ಯೆ

ಕಾರುಗಳ ಬಗ್ಗೆ ಇಂಥದೇ ಕಾಳಜಿ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಬಹುದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ಸವಾರರು ತಮ್ಮ ಗಾಡಿಗಳ ಹಬ್ಬ ಮಾಡುತ್ತಾರೆ. ಅಲ್ಲಿ ನಿಂತು ಕೇಳಿದರೆ ಒಂದೊಂದು ಗಾಡಿಯ ಸದ್ದೂ ಬೇರೆ ಎಂಬುದು ತಿಳಿಯುತ್ತದೆ.

ಆದರೆ ನಿಜವಾಗಿ ಉಳಿಸಬೇಕಾದ್ದು ಗಾಡಿಗಿಂತ ಮೊದಲು ಆ ಗಾಡಿಯನ್ನು ಬಲ್ಲ ಕೈಗಳನ್ನು. ಕಿಡಿ ಕೊಡುವ ಪಾಯಿಂಟಿನ ಸಂದು ಕಣ್ಣಂದಾಜಿನಲ್ಲಿ ಹೊಂದಿಸುವ, ಸದ್ದು ಕೇಳಿಯೇ ಯಾವ ಬೇರಿಂಗು ಎಂದು ಹೇಳುವ ಮೆಕ್ಯಾನಿಕ್ಕುಗಳಿಗೆ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಆ ಮೆಕ್ಯಾನಿಕ್ಕುಗಳು ಕಲಿತದ್ದು ಯಾವ ಪುಸ್ತಕದಲ್ಲೂ ಇಲ್ಲ. ತುಮಕೂರಿನ ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಒಂದು ರಜೆಯನ್ನು ಇಂಥ ಒಬ್ಬರ ಗ್ಯಾರೇಜಿನಲ್ಲಿ ಕಳೆದರೆ, ಅವರು ಮಾಡುವುದನ್ನು ವಿಡಿಯೊ ಮಾಡಿ, ಕನ್ನಡದಲ್ಲಿ ಬರೆದಿಟ್ಟರೆ, ಅದು ಸಣ್ಣ ಕೆಲಸವಲ್ಲ.

ನಿಮ್ಮ ಮನೆಯಲ್ಲೂ ಗೋಣಿ ಹೊದ್ದ ಗಾಡಿ ಇದ್ದರೆ ಈ ಭಾನುವಾರ ಮೂರು ಕೆಲಸ ಮಾಡಿ. ಟ್ರಂಕಿನಿಂದ ಆರ್‌ಸಿ ಹುಡುಕಿ ತೆಗೆಯಿರಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದಿಡಿ. ಆ ಗಾಡಿಯನ್ನು ಹಿಂದೆ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು ಈಗೆಲ್ಲಿದ್ದಾರೆ ಎಂದು ಮನೆಯ ಹಿರಿಯರನ್ನು ಕೇಳಿ, ಹೋಗಿ ಮಾತಾಡಿಸಿ. ಬಣ್ಣದ ಮಾತು ಆಮೇಲೆ. ಗುಜರಿಯವನು ಮತ್ತೆ ಬಂದರೆ ಹೇಳಲು ಅಜ್ಜಿಯ ಉತ್ತರ ಇದ್ದೇ ಇದೆ.